ಓದುಗರ ಪ್ರಶ್ನೆ: ಇಸ್ತ್ರಿ ಹಲಗೆಯ ಮೇಲೆ ಡಾಕ್ಟರೇಟು

(ಹಿಂದಿನ ಸಂಚಿಕೆಯಲ್ಲಿ ನಮ್ಮ ಓದುಗಿಯೊಬ್ಬರು, ಆಗಷ್ಟೇ ಶುರುವಾಗಿದ್ದ ಆನ್‌ಲೈನ್ ಡಾಕ್ಟರೇಟ್ ಕೋರ್ಸಿಗೆ ಮೊದಲ ಬ್ಯಾಚಿನಲ್ಲೇ ಸೇರಿ ಮುಗಿಸಿದ ಬಗ್ಗೆ ಅರ್ಧ ಪುಟ ಬರೆದಿದ್ದರು. ಅವರು ತೀರ್ಥಹಳ್ಳಿಯವರು, ಈಗ ಅಮೆರಿಕದ ಒಹಾಯೋ ರಾಜ್ಯದ ಆ್ಯಕ್ರನ್ ಆಸುಪಾಸಿನ ಸರಕಾರಿ ಶಾಲೆಯಲ್ಲಿ ಗಣಿತದ ಮೇಡಂ. ಅದನ್ನು ಓದಿ ಬಂದ ಪತ್ರಗಳಿಂದ ಆಯ್ದ ಪ್ರಶ್ನೆಗಳಿಗೆ ಅವರೇ ಉತ್ತರಿಸಿದ್ದಾರೆ.)

ಆನ್‌ಲೈನ್ ಡಾಕ್ಟರೇಟ್ ಅಂದರೆ ನಿಜಕ್ಕೂ ಏನು ನಡೆಯುತ್ತದೆ? ವಿಡಿಯೊ ನೋಡಿ ಪರೀಕ್ಷೆ ಬರೆಯುವುದಾ?
— ಪ್ರೌಢಶಾಲಾ ಶಿಕ್ಷಕಿ, ಶಿರಸಿ

ಅಷ್ಟೇ ಆಗಿದ್ದರೆ ನನ್ನ ತಲೆಯಲ್ಲಿ ಇನ್ನೂ ನಾಲ್ಕು ಕಪ್ಪು ಕೂದಲು ಉಳಿದಿರುತ್ತಿದ್ದವು.

ನಾನು ಸೇರಿದ್ದು 2019ರ ಆಗಸ್ಟ್‌ನಲ್ಲಿ. ಡಿಗ್ರಿಯ ಹೆಸರು ಎಡ್.ಡಿ., ಅಂದರೆ ಡಾಕ್ಟರ್ ಆಫ್ ಎಜುಕೇಶನ್. ವಿಶ್ವವಿದ್ಯಾಲಯ ಬೇರೆ ರಾಜ್ಯದ್ದು, ಹೆಸರು ಇಲ್ಲಿ ಬೇಡ. ಒಟ್ಟು 54 ಕ್ರೆಡಿಟ್; ಕ್ರೆಡಿಟ್ ಅಂದರೆ ಓದಿನ ಭಾರ ಅಳೆಯುವ ಲೆಕ್ಕ. ಮೊದಲ ಎರಡು ವರ್ಷ ಕೋರ್ಸ್‌ವರ್ಕ್, ಅಂದರೆ ತರಗತಿಯ ಪಾಠಗಳು; ಆಮೇಲೆ ಪ್ರಬಂಧ, ಅಂದರೆ ಥೀಸಿಸ್. ಮಂಗಳವಾರ ಸಂಜೆ ಏಳರಿಂದ ಒಂಬತ್ತು ನೇರ ತರಗತಿ. ನಾವು ಹದಿನಾಲ್ಕು ಜನ. ನನಗೆ ಸಂಜೆ ಏಳಾದಾಗ ಅಲಾಸ್ಕಾದ ಒಬ್ಬ ಉಪ ಪ್ರಾಂಶುಪಾಲರಿಗೆ ಮಧ್ಯಾಹ್ನ ಮೂರು. ಅವರು ಶಾಲೆಯ ಪಾರ್ಕಿಂಗಿನಲ್ಲಿ ಕಾರಿನೊಳಗೆ ಕೂತು ಪಾಠ ಕೇಳುತ್ತಿದ್ದರು. ಜರ್ಮನಿಯಲ್ಲಿ ಅಮೆರಿಕದ ಸೇನೆಯವರ ಮಕ್ಕಳ ಶಾಲೆಯಲ್ಲಿ ಕಲಿಸುವ ಒಬ್ಬಾಕೆಗೆ ಅದೇ ಹೊತ್ತು ರಾತ್ರಿ ಒಂದು ಗಂಟೆ. ಕಂಬಳಿ ಹೊದ್ದು ಬರುತ್ತಿದ್ದಳು ಪಾಪ. ಒಂದು ದಿನವೂ ತಪ್ಪಿಸಲಿಲ್ಲ.

ನನ್ನ ಜಾಗ ಮನೆಯ ನೆಲಮಾಳಿಗೆ, ಬಟ್ಟೆ ಒಗೆಯುವ ಮಿಷನ್ನಿನ ಪಕ್ಕ. ಮನೆಯಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ, ಯಾರೂ ಒಳಗೆ ಬಂದು "ಅಮ್ಮಾ ನನ್ನ ಸಾಕ್ಸ್ ಎಲ್ಲಿ" ಅನ್ನದ ಒಂದೇ ಕೋಣೆ ಅದು. ಅಲ್ಲೂ ಕೇಳುತ್ತಿದ್ದರು, ಯಾಕೆಂದರೆ ಸಾಕ್ಸ್ ಇರುತ್ತಿದ್ದದ್ದೇ ಅಲ್ಲಿ. ಮೇಜು ಹಿಡಿಸದ ಕಾರಣ ಇಸ್ತ್ರಿ ಹಲಗೆಯ ಮೇಲೆ ಲ್ಯಾಪ್‌ಟಾಪ್ ಇಟ್ಟೆ. ಬೇಕಾದರೆ ನಿಂತು, ಬೇಕಾದರೆ ಕೂತು ಓದಬಹುದು, ಎತ್ತರ ಏರಿಸಿ ಇಳಿಸಬಹುದು. ಅಂಗಡಿಯಲ್ಲಿ ಅಂಥ ಮೇಜಿಗೆ ನಾನೂರು ಡಾಲರ್ ಕೇಳುತ್ತಾರೆ.

ನೇರ ತರಗತಿ ಅಸಲಿಗೆ ಸುಲಭದ ಭಾಗ. ಕಷ್ಟ ಇದ್ದದ್ದು ಉಳಿದ ಆರು ದಿನ. ವಾರಕ್ಕೆ ನೂರೈವತ್ತು, ಇನ್ನೂರು ಪುಟ ಓದು. ಬುಧವಾರದೊಳಗೆ ಅದರ ಮೇಲೆ ನಾಲ್ಕು ಪ್ಯಾರಾ ಬರೆದು ಎಲ್ಲರಿಗೂ ಕಾಣುವಂತೆ ಹಾಕಬೇಕು. ಭಾನುವಾರ ರಾತ್ರಿ 11.59ರೊಳಗೆ ಇಬ್ಬರು ಸಹಪಾಠಿಗಳ ಬರಹಕ್ಕೆ ಪ್ರತಿಕ್ರಿಯೆ ಕೊಡಬೇಕು. ಮೊದಲ ತಿಂಗಳು ಈ ಪ್ರತಿಕ್ರಿಯೆಗಳು ಮದುವೆಮನೆಯ "ಊಟ ಆಯ್ತಾ" ಥರ ಇದ್ದವು: ನಿಮ್ಮ ಮಾತು ಒಪ್ಪುತ್ತೇನೆ, ತುಂಬ ಚೆನ್ನಾಗಿದೆ, ಧನ್ಯವಾದ. ನಮ್ಮ ಪ್ರೊಫೆಸರರೊಬ್ಬರು ಐದನೇ ವಾರ "ಒಪ್ಪುತ್ತೇನೆ" ಎಂಬ ಪದವನ್ನೇ ನಿಷೇಧಿಸಿದರು. ಆಮೇಲೆ ಜಗಳ ಶುರುವಾಯಿತು, ಜಗಳದ ಹಿಂದೆಯೇ ಓದು ಶುರುವಾಯಿತು.

2020ರ ಮಾರ್ಚ್‌ನಲ್ಲಿ ಇಡೀ ಜಗತ್ತೇ ಆನ್‌ಲೈನ್ ಆಯಿತಲ್ಲ, ಆಗ ನಾವು ಏಳು ತಿಂಗಳ ಸೀನಿಯರ್‌ಗಳು. ಹಗಲು ನಾನು ನನ್ನ ಮಕ್ಕಳಿಗೆ ಪರದೆಯ ಮೇಲೆ ಭಿನ್ನರಾಶಿ ಕಲಿಸುತ್ತಿದ್ದೆ, ಸಂಜೆ ಅದೇ ಪರದೆಯಲ್ಲಿ ವಿದ್ಯಾರ್ಥಿನಿ. ಕ್ಯಾಮೆರಾ ಆಫ್ ಮಾಡಿ ಕೂರುವ ಹುಡುಗರ ಮೇಲೆ ರೇಗುವುದನ್ನು ಆ ವಸಂತದಲ್ಲಿ ಬಿಟ್ಟೆ. ನಾನೂ ಆಫ್ ಮಾಡಿ ಬೇಳೆ ಕುಕ್ಕರ್ ಇಳಿಸಿ ಬರುತ್ತಿದ್ದೆನಲ್ಲ.

ನಿಮ್ಮ ಯಜಮಾನರು ಅಡುಗೆ ಮಾಡಿಕೊಟ್ಟರಾ?
— ಓದುಗಿ, ಬೆಂಗಳೂರು

ಅವರು ರಬ್ಬರ್ ಕೆಮಿಸ್ಟ್. ಆ್ಯಕ್ರನ್ ಟೈರುಗಳ ಊರು. ಗುಡ್‌ಇಯರ್, ಫೈರ್‌ಸ್ಟೋನ್ ಎರಡೂ ಹುಟ್ಟಿದ್ದು ಅಲ್ಲೇ. ನಾವು ಆ ಊರಿಗೆ ಬಂದದ್ದೂ ಅದೇ ಕಾರಣಕ್ಕೆ. ಅವರು ಮಾಡಿದ ಮೊದಲ ಚಪಾತಿಗೆ ಈ ವಿವರ ಸಾಕು. ಎರಡನೇ ವರ್ಷ ಚಿತ್ರಾನ್ನ, ಮೂರನೇ ವರ್ಷ ಹುಳಿ. ಅವರ ಹುಳಿ ಈಗ ನನ್ನದಕ್ಕಿಂತ ಚೆನ್ನ.

ಹೊಸದಾಗಿ ಶುರುವಾದ ಕೋರ್ಸಿಗೆ ಮೊದಲ ಬ್ಯಾಚಿನಲ್ಲಿ ಸೇರುವುದು ಜಾಣತನವೇ? ಏನೇನು ತೊಂದರೆ ಬಂತು, ಮುಚ್ಚುಮರೆಯಿಲ್ಲದೆ ಹೇಳಿ.
— ಕಾಲೇಜು ಗ್ರಂಥಪಾಲಕ, ದಾವಣಗೆರೆ

ಜಾಣತನ ಅಲ್ಲ. ಆದರೆ ನಾನು ಮತ್ತೆ ಅದನ್ನೇ ಮಾಡಿಯೇನು.

ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದ ಅನ್ನುತ್ತಾರಲ್ಲ, ಮೊದಲ ವರ್ಷ ಹಾಗಿತ್ತು. ಕೋರ್ಸಿನ ನಿರ್ದೇಶಕರಿಗೆ ಹದಿನಾಲ್ಕು ಜನರ ಹೆಸರೂ ಬಾಯಿಪಾಠ. ಭಾನುವಾರವೂ ಫೋನ್ ಎತ್ತುತ್ತಿದ್ದರು. ನನ್ನ ಮೊದಲ ಬರಹಕ್ಕೆ ಬಂದ ಟಿಪ್ಪಣಿ ನನ್ನ ಬರಹಕ್ಕಿಂತ ಉದ್ದವಾಗಿತ್ತು. ದೊಡ್ಡ, ಹಳೆಯ ವಿಭಾಗಗಳಲ್ಲಿ ಇದು ಸಿಗದು.

ಇನ್ನೊಂದು ಮುಖ ಇದು. ನಿಯಮಗಳ ಕೈಪಿಡಿ ನಾಲ್ಕು ವರ್ಷದಲ್ಲಿ ಮೂರು ಸಲ ಬದಲಾಯಿತು. ಕೋರ್ಸ್‌ವರ್ಕ್ ಮುಗಿದ ಮೇಲೆ ಇಲ್ಲಿ 'ಕಾಂಪ್ರಹೆನ್ಸಿವ್' ಎಂಬ ದೊಡ್ಡ ಪರೀಕ್ಷೆ ಇರುತ್ತದೆ. ಅದನ್ನು ದಾಟಿದ ಮೇಲೆಯೇ ಪ್ರಬಂಧಕ್ಕೆ ಕೈ ಹಾಕಬೇಕು. ನಾನು ಅದಕ್ಕಾಗಿ ಒಂದು ಬೇಸಿಗೆ ಪೂರ್ತಿ ಓದಿದೆ. ಆಗಸ್ಟ್‌ನಲ್ಲಿ ಪತ್ರ ಬಂತು: ಪರೀಕ್ಷೆ ಇಲ್ಲ, ಅದರ ಬದಲು ನಿಮ್ಮ ಕೆಲಸಗಳ ಒಂದು ಸಂಪುಟ ಸಲ್ಲಿಸಿ. ಓದಿದ್ದು ವ್ಯರ್ಥ ಆಗುವುದಿಲ್ಲ ಅಂತ ಅತ್ತೆ ಸಮಾಧಾನ ಹೇಳಿದರು. ಅತ್ತೆಯ ಮಾತು ಸರಿ, ಆದರೂ ಆ ದಿನ ಒಂದು ಲೋಟ ಒಡೆದೆ. ಅಂಕಿಅಂಶಗಳ ಪಾಠಕ್ಕೆ ಮೇಷ್ಟರು ನೇಮಕವಾದದ್ದು ತರಗತಿ ಶುರುವಾಗಿ ಎರಡು ವಾರ ಕಳೆದ ಮೇಲೆ. ಬೇಸಿಗೆಯಲ್ಲಿ ನಾಲ್ಕು ದಿನ ಎಲ್ಲರೂ ಕ್ಯಾಂಪಸ್ಸಿಗೆ ಹೋಗಿ ಇರುವ 'ರೆಸಿಡೆನ್ಸಿ' ಇತ್ತು. 2020ರಲ್ಲಿ ರದ್ದು, 2021ರಲ್ಲೂ ರದ್ದು. ಸಹಪಾಠಿಗಳನ್ನು ಮೈಯಳತೆಯಲ್ಲಿ ನೋಡಿದ್ದು 2022ರ ಜೂನ್‌ನಲ್ಲಿ. ಅಲಾಸ್ಕಾದವರು ಆರೂವರೆ ಅಡಿ! ಮೂರು ವರ್ಷ ಅವರನ್ನು ಅಂಗೈಯಷ್ಟು ಚೌಕದಲ್ಲಿ ನೋಡಿದ್ದ ನಾವು ಕತ್ತೆತ್ತಿ ನಕ್ಕಿದ್ದೇ ನಕ್ಕಿದ್ದು.

ಇವೆಲ್ಲ ಸಣ್ಣವು. ದೊಡ್ಡದು ಗೈಡಿನ ವಿಚಾರ.

2021ರ ವಸಂತದಲ್ಲಿ ನನ್ನ ಗೈಡ್ ಬೇರೆ ವಿಶ್ವವಿದ್ಯಾಲಯಕ್ಕೆ ಹೊರಟುಹೋದರು. ನನಗೆ ಬಂದದ್ದು ಎರಡು ಸಾಲಿನ ಮಿಂಚಂಚೆ. ಹೋದದ್ದು ಅವರ ತಪ್ಪಲ್ಲ, ಯಾರಿಗೂ ಒಳ್ಳೆ ಕೆಲಸ ಬೇಡವೇ? ಆದರೆ ಹಳೆಯ ವಿಭಾಗವಾಗಿದ್ದರೆ ಅದೇ ವಿಷಯ ಬಲ್ಲ ಇನ್ನಿಬ್ಬರು ಇರುತ್ತಿದ್ದರು. ಇಲ್ಲಿ ಇದ್ದ ಕಾಯಂ ಅಧ್ಯಾಪಕರು ನಾಲ್ವರು, ಉಳಿದವರೆಲ್ಲ ಒಂದೊಂದು ಕೋರ್ಸಿಗೆ ಗುತ್ತಿಗೆಯ ಮೇಲೆ ಬರುವವರು. ಗುತ್ತಿಗೆಯವರು ಗೈಡ್ ಆಗುವಂತಿಲ್ಲ. ನಾಲ್ಕು ತಿಂಗಳು ನನಗೆ ಯಾರೂ ಇಲ್ಲ. ಶುಲ್ಕ ಮಾತ್ರ ಕಟ್ಟುತ್ತಿದ್ದೆ. ಆಮೇಲೆ ಶಾಲಾ ಹಣಕಾಸು ಕಲಿಸುವವರೊಬ್ಬರನ್ನು ಕೊಟ್ಟರು. ಅವರ ಕೈಕೆಳಗೆ ಆಗಲೇ ಹನ್ನೊಂದು ಜನ ಇದ್ದರು, ನನ್ನ ವಿಷಯ ಅವರಿಗೆ ಬೇಕಿರಲಿಲ್ಲ, ಅದನ್ನು ಪ್ರಾಮಾಣಿಕವಾಗಿ ಹೇಳಿದರು. ಮೂರನೆಯವರನ್ನು ನಾನೇ ಹುಡುಕಿದೆ. ಎಪ್ಪತ್ತರ ಹತ್ತಿರದ ಹೆಂಗಸು, ಹಿಂದೆ ಟೆಕ್ಸಸ್‌ನ ಗಡಿ ಊರಿನಲ್ಲಿ ಪ್ರೈಮರಿ ಶಾಲೆ ಟೀಚರ್ ಆಗಿದ್ದವರು. ಟಿಪ್ಪಣಿ ಬರೆಯುತ್ತಿರಲಿಲ್ಲ, ಧ್ವನಿ ರೆಕಾರ್ಡ್ ಮಾಡಿ ಕಳಿಸುತ್ತಿದ್ದರು. ಹಿನ್ನೆಲೆಯಲ್ಲಿ ನಾಯಿ ಬೊಗಳುವುದು ಕೇಳುತ್ತಿತ್ತು. "ಹದಿನೇಳನೇ ಪುಟ. ಇಲ್ಲಿ ನೀನು ಹೆದರಿದ್ದೀಯ. ಯಾರಿಗೆ?" ಹೀಗೆ. ಶಾಲೆಗೆ ಕಾರಿನಲ್ಲಿ ಹೋಗುತ್ತಾ ಕೇಳಿಸಿಕೊಳ್ಳುತ್ತಿದ್ದೆ. ಅವರು ಸಿಗದಿದ್ದರೆ ನಾನು ಇವತ್ತು ಈ ಉತ್ತರ ಬರೆಯುತ್ತಿರಲಿಲ್ಲ.

ಹಾಗಾಗಿ ಜನ ನನ್ನನ್ನು "ಆನ್‌ಲೈನ್ ಓದು ಆಗುತ್ತಾ" ಅಂತ ಕೇಳಿದಾಗ ಪ್ರಶ್ನೆಯೇ ತಪ್ಪು ಅನ್ನಿಸುತ್ತದೆ. ಪರದೆ ನನಗೆ ಒಂದು ದಿನವೂ ಅಡ್ಡಿಯಾಗಲಿಲ್ಲ. ಗೈಡ್ ಇಲ್ಲದ ನಾಲ್ಕು ತಿಂಗಳು ಕ್ಯಾಂಪಸ್ಸಿನ ಮರದ ಕೆಳಗೆ ಕೂತಿದ್ದರೂ ನಾನು ಅಷ್ಟೇ ಅನಾಥೆ. ಸೇರುವ ಮುಂಚೆ ಕೇಳಬೇಕಾದ್ದು ಇಷ್ಟು: ನನ್ನ ವಿಷಯ ಬಲ್ಲ ಕಾಯಂ ಅಧ್ಯಾಪಕರು ಎಷ್ಟು ಮಂದಿ, ಒಬ್ಬೊಬ್ಬರ ಕೈಕೆಳಗೆ ಎಷ್ಟು ಜನ, ಅವರು ಬಿಟ್ಟು ಹೋದರೆ ಯಾರು? ನಾನು ಕೇಳಿದ್ದು ಶುಲ್ಕ ಎಷ್ಟು, ರಜಾ ಯಾವಾಗ ಅಂತ.

ಎಷ್ಟು ಜನ ಮುಗಿಸಿದಿರಿ?
— ಸಂಶೋಧನಾ ವಿದ್ಯಾರ್ಥಿ, ಕಲಬುರಗಿ

ಹದಿನಾಲ್ಕರಲ್ಲಿ ಒಂಬತ್ತು. ಇಬ್ಬರು ಮೊದಲ ಸೆಮಿಸ್ಟರಿನಲ್ಲೇ ಬಿಟ್ಟರು. ಉಳಿದ ಮೂವರು ಕೋರ್ಸ್‌ವರ್ಕ್ ಎಲ್ಲ ಮುಗಿಸಿ ಪ್ರಬಂಧದಲ್ಲಿ ನಿಂತರು. ಇಂಥವರಿಗೆ ಅಮೆರಿಕದಲ್ಲಿ ಹೆಸರೇ ಇದೆ: ಎ.ಬಿ.ಡಿ., 'ಆಲ್ ಬಟ್ ಡಿಸರ್ಟೇಶನ್', ಪ್ರಬಂಧವೊಂದು ಬಿಟ್ಟು ಮಿಕ್ಕಿದ್ದೆಲ್ಲ. ನಮ್ಮ ಕಡೆ ಥೀಸಿಸ್ಸಿನ ಸಾರಾಂಶ, ಅಂದರೆ ಸಿನಾಪ್ಸಿಸ್ ಕೊಟ್ಟು ಹತ್ತು ವರ್ಷ ಆದವರು ಪ್ರತಿ ಕಾಲೇಜಿನ ಸ್ಟಾಫ್ ರೂಮಿನಲ್ಲೂ ಸಿಗುತ್ತಾರಲ್ಲ, ಅವರೇ. ಜರ್ಮನಿಯ ಗೆಳತಿ ಆ ಮೂವರಲ್ಲಿ ಒಬ್ಬಳು. ರಾತ್ರಿ ಒಂದಕ್ಕೆ ಎದ್ದು ಒಂದು ತರಗತಿಯನ್ನೂ ಬಿಡದವಳು. ತರಗತಿ ಇದ್ದಷ್ಟು ದಿನ ಅವಳನ್ನು ಎಬ್ಬಿಸಲು ಮಂಗಳವಾರ ಇತ್ತು. ಪ್ರಬಂಧಕ್ಕೆ ಮಂಗಳವಾರ ಇರುವುದಿಲ್ಲ.

ಅದು ಗೊತ್ತಾದ ಮೇಲೆ ನಾನೂ ಅಲಾಸ್ಕಾದವರೂ ಇನ್ನೊಬ್ಬಾಕೆಯೂ ನಮ್ಮದೇ ಒಂದು ಮಂಗಳವಾರ ಮಾಡಿಕೊಂಡೆವು. ಏಳಕ್ಕೆ ಎಲ್ಲರೂ ಪರದೆಗೆ ಬರುವುದು, "ಇವತ್ತು ಎರಡು ಪುಟ" ಅಂತ ಹೇಳುವುದು, ಮೈಕ್ ಆಫ್ ಮಾಡಿ ಬರೆಯುವುದು, ಒಂಬತ್ತಕ್ಕೆ ಲೆಕ್ಕ ಒಪ್ಪಿಸುವುದು. ಮಾತೇ ಇಲ್ಲ. ಮೂವರೂ ಮುಗಿಸಿದೆವು. ಜರ್ಮನಿಯವಳನ್ನೂ ಕರೆದಿದ್ದೆವು. ಬರಲಿಲ್ಲ.

ನಾನು ಅತಿಥಿ ಉಪನ್ಯಾಸಕ. ಒಂದು ಏಜೆನ್ಸಿಯವರು ಫೋನ್ ಮಾಡಿ, ವಿದೇಶಿ ವಿಶ್ವವಿದ್ಯಾಲಯದ ಆನ್‌ಲೈನ್ ಪಿಎಚ್.ಡಿ., ಹದಿನೆಂಟು ತಿಂಗಳು, ನಾಲ್ಕು ಲಕ್ಷ, ಕಂತಿನಲ್ಲಿ ಕಟ್ಟಬಹುದು ಅನ್ನುತ್ತಿದ್ದಾರೆ. ನೀವೇ ಆನ್‌ಲೈನ್ ಮಾಡಿದ್ದೀರಿ. ಸೇರಲೇ?
— ಹೆಸರು ಬೇಡ, ಹಾಸನ

ಬೇಡ. ಈ ಪುಟದಲ್ಲಿ ಬೇರೇನೂ ಓದದಿದ್ದರೂ ಇದೊಂದನ್ನು ಓದಿ.

ಭಾರತದಲ್ಲಿ ಯಾವ ವಿಶ್ವವಿದ್ಯಾಲಯವೂ ಪಿಎಚ್.ಡಿ.ಯನ್ನು ಆನ್‌ಲೈನ್ ಅಥವಾ ದೂರಶಿಕ್ಷಣದ ಮೂಲಕ ನಡೆಸುವಂತಿಲ್ಲ. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ 2022ರ ಪಿಎಚ್.ಡಿ. ನಿಯಮಾವಳಿಯಲ್ಲಿ ಇದು ನೇರವಾಗಿ ಇದೆ. ಇಗ್ನೊ ಮುಕ್ತ ವಿಶ್ವವಿದ್ಯಾಲಯವೇ ಆದರೂ ಅದರ ಪಿಎಚ್.ಡಿ. ರೆಗ್ಯುಲರ್ ಕ್ರಮದ್ದು. ನಿಮಗೆ ಬಂದಂಥ ಫೋನುಗಳ ಬಗ್ಗೆಯೇ ಯುಜಿಸಿ ಮತ್ತು ತಾಂತ್ರಿಕ ಶಿಕ್ಷಣದ ಮಂಡಳಿ ಎಐಸಿಟಿಇ ಎರಡೂ ಸೇರಿ 2022ರ ಅಕ್ಟೋಬರ್‌ನಲ್ಲಿ ಪ್ರಕಟಣೆ ಹೊರಡಿಸಿದ್ದವು: ಆನ್‌ಲೈನ್ ಪಾಠ ಮಾರುವ ಎಡ್‌ಟೆಕ್ ಕಂಪನಿಗಳು ವಿದೇಶಿ ಸಂಸ್ಥೆಗಳ ಜತೆ ಸೇರಿ ಕೊಡುವ ಆನ್‌ಲೈನ್ ಪಿಎಚ್.ಡಿ.ಗೆ ಮಾನ್ಯತೆ ಇಲ್ಲ, ಜಾಹೀರಾತಿಗೆ ಮರುಳಾಗಬೇಡಿ ಅಂತ.

ಇನ್ನು ಹದಿನೆಂಟು ತಿಂಗಳು. ಅದೇ ನಿಯಮಾವಳಿಯ ಪ್ರಕಾರ ಪಿಎಚ್.ಡಿ.ಗೆ ಕನಿಷ್ಠ ಮೂರು ವರ್ಷ. ಗಣಿತದ ಮೇಡಂ ಹೇಳಬೇಕಾಗಿಲ್ಲ, ಇದು ಮೂರನೇ ಕ್ಲಾಸಿನ ಕಳೆಯುವ ಲೆಕ್ಕ.

ನೀವು ಕೇಳದೇ ಇದ್ದ ಪ್ರಶ್ನೆಗೂ ಉತ್ತರಿಸುತ್ತೇನೆ. ಕೆಲಸ ಬಿಡದೆ ಓದುವ ದಾರಿ ನಮ್ಮಲ್ಲಿ ಇದೆ, ಅದರ ಹೆಸರು ಪಾರ್ಟ್ ಟೈಮ್ ಪಿಎಚ್.ಡಿ. 2022ರ ನಿಯಮ ಅದಕ್ಕೆ ಅವಕಾಶ ಕೊಟ್ಟಿದೆ. ಕೆಲಸ ಮಾಡುವ ಕಡೆಯಿಂದ ನಿರಾಕ್ಷೇಪಣಾ ಪತ್ರ ಬೇಕು. ಪ್ರೊಫೆಸರ್ ಒಬ್ಬರ ಕೈಕೆಳಗೆ ಎಂಟು, ಅಸೋಸಿಯೇಟ್ ಪ್ರೊಫೆಸರ್‌ಗೆ ಆರು, ಅಸಿಸ್ಟೆಂಟ್ ಪ್ರೊಫೆಸರ್‌ಗೆ ನಾಲ್ಕು ವಿದ್ಯಾರ್ಥಿಗಳು ಎಂಬ ಮಿತಿಯೂ ಇದೆ. ಹನ್ನೊಂದು ಜನರ ಹಿಂದೆ ಸಾಲು ನಿಂತ ನನಗೆ ಈ ಮಿತಿ ಓದಿ ಹೊಟ್ಟೆಕಿಚ್ಚಾಯಿತು. ಗರಿಷ್ಠ ಆರು ವರ್ಷ, ಮರುನೋಂದಣಿ ಮಾಡಿಸಿದರೆ ಇನ್ನೆರಡು. ಹೆಣ್ಣುಮಕ್ಕಳಿಗೆ ಅದರ ಮೇಲೂ ಎರಡು ವರ್ಷ ರಿಯಾಯಿತಿ, ಹೆರಿಗೆ ಮತ್ತು ಮಕ್ಕಳ ಆರೈಕೆಗೆಂದು 240 ದಿನಗಳವರೆಗೆ ರಜೆ. ಥೀಸಿಸ್ ಸಲ್ಲಿಸುವ ಮುಂಚೆ ಜರ್ನಲ್‌ನಲ್ಲಿ ಪ್ರಕಟಿಸಲೇಬೇಕೆಂಬ ಕಡ್ಡಾಯವನ್ನೂ ಯುಜಿಸಿ ತೆಗೆದಿದೆ. ನೀವು ಸೇರುವ ವಿಶ್ವವಿದ್ಯಾಲಯ ತನ್ನದೇ ನಿಯಮ ಇಟ್ಟುಕೊಂಡಿದೆಯೇ ನೋಡಿಕೊಳ್ಳಿ.

ಇನ್ನೊಂದು. ನಿಮಗೆ ಬೇಕಿರುವುದು ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಯ ಅರ್ಹತೆ ಮಾತ್ರ ಆಗಿದ್ದರೆ, 2023ರ ಜುಲೈನಿಂದ ಅದಕ್ಕೆ ಪಿಎಚ್.ಡಿ. ಕಡ್ಡಾಯವಲ್ಲ. ನೆಟ್ ಅಥವಾ ಕೆ-ಸೆಟ್ ಎಂಬ ಅರ್ಹತಾ ಪರೀಕ್ಷೆ ಪಾಸಾದರೆ ಅರ್ಜಿ ಹಾಕಬಹುದು. ಆ ನಾಲ್ಕು ಲಕ್ಷದಲ್ಲಿ ಪುಸ್ತಕ ಕೊಂಡು, ಉಳಿದದ್ದನ್ನು ಮನೆಯವರ ಕೈಗೆ ಕೊಡಿ.

ನನ್ನದು ಮಾತ್ರ ಹೇಗೆ ಆನ್‌ಲೈನ್ ಅಂದರೆ, ಅಮೆರಿಕದಲ್ಲಿ ಪ್ರಶ್ನೆ ಆನ್‌ಲೈನೋ ಅಲ್ಲವೋ ಎಂಬುದಲ್ಲ, ಆ ವಿಶ್ವವಿದ್ಯಾಲಯಕ್ಕೆ ಮಾನ್ಯತಾ ಮಂಡಳಿಯ ಮುದ್ರೆ ಇದೆಯೇ ಎಂಬುದು. ನಾನು ಓದಿದ್ದು ಮಾನ್ಯತೆ ಇದ್ದ ಕಡೆ, ನನ್ನ ಕೆಲಸವೂ ಅಮೆರಿಕದಲ್ಲೇ. ನಾಳೆ ಗಂಟುಮೂಟೆ ಕಟ್ಟಿ ಶಿವಮೊಗ್ಗಕ್ಕೆ ಬಂದರೆ ಈ ಡಿಗ್ರಿ ಹಿಡಿದು ಕಾಲೇಜಿನಲ್ಲಿ ಕೆಲಸ ಕೇಳುವ ಆಸೆ ಇಟ್ಟುಕೊಂಡಿಲ್ಲ. ಅದು ಗೊತ್ತಿದ್ದೇ ಸೇರಿದ್ದು.

ಅಂದಹಾಗೆ, ಆ ಏಜೆನ್ಸಿಯವರು "ಥೀಸಿಸ್ಸಿಗೂ ನಾವು ಸಹಾಯ ಮಾಡುತ್ತೇವೆ" ಅಂದಿರಬೇಕಲ್ಲ?

ಎಡ್.ಡಿ.ಗೂ ಪಿಎಚ್.ಡಿ.ಗೂ ಏನು ವ್ಯತ್ಯಾಸ? ಎಡ್.ಡಿ. ಸ್ವಲ್ಪ ಕಡಿಮೆ ದರ್ಜೆಯದಂತೆ, ಹೌದೇ?
— ನಿವೃತ್ತ ಪ್ರಾಂಶುಪಾಲ, ಮಂಗಳೂರು

ಹಾಗೆ ಅನ್ನುವವರು ಅಮೆರಿಕದಲ್ಲೂ ಬೇಕಾದಷ್ಟಿದ್ದಾರೆ. ಅಲ್ಲಿ ಪಿಎಚ್.ಡಿ. ಮೊದಲು ಕೊಟ್ಟದ್ದು ಯೇಲ್, 1861ರಲ್ಲಿ. ಎಡ್.ಡಿ. ಬಂದದ್ದು 1920ರ ದಶಕದಲ್ಲಿ, ಹಾರ್ವರ್ಡ್‌ನಿಂದ, ಶಾಲೆಗಳಲ್ಲಿ ಕೆಲಸ ಮಾಡುವವರಿಗೆಂದು. ಅಂದಿನಿಂದ ಎರಡಕ್ಕೂ ವಾರಗಿತ್ತಿಯರ ಜಗಳ. ಹಾರ್ವರ್ಡ್ ತನ್ನ ಎಡ್.ಡಿ.ಯನ್ನು ಆಮೇಲೆ ನಿಲ್ಲಿಸಿ ಪಿಎಚ್.ಡಿ.ಗೆ ಬದಲಾಯಿಸಿಕೊಂಡಿತು. ನನ್ನ ಪ್ರಬಂಧ ಹೊಸ ಸಿದ್ಧಾಂತ ಕಟ್ಟಬೇಕಾಗಿರಲಿಲ್ಲ. ನನ್ನದೇ ಶಾಲೆಯಲ್ಲಿರುವ ಒಂದು ತೊಂದರೆಯನ್ನು ಹಿಡಿದು, ಅದು ಯಾಕಿದೆ, ಏನು ಮಾಡಬಹುದು ಅಂತ ತೋರಿಸಬೇಕಿತ್ತು. ದರ್ಜೆಯ ಲೆಕ್ಕ ನನಗೆ ಗೊತ್ತಿರುವುದು ಒಂದೇ: ಸರಕಾರಿ ಶಾಲೆಯ ಸಂಬಳದ ಪಟ್ಟಿಯಲ್ಲಿ ಡಾಕ್ಟರೇಟಿಗೆ ಬೇರೆ ಕಾಲಂ ಇದೆ, ನಾನು ಆ ಕಾಲಮ್ಮಿಗೆ ದಾಟಿದೆ.

ಎಷ್ಟು ಖರ್ಚಾಯಿತು? ಸಾಲ ಮಾಡಿದಿರಾ?
— ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ

ಕ್ರೆಡಿಟ್ಟಿಗೆ 585 ಡಾಲರ್, 54 ಕ್ರೆಡಿಟ್; ಗುಣಾಕಾರ ನಿಮ್ಮದು. ಗೈಡ್ ಇಲ್ಲದೆ ಕಳೆದ ಅವಧಿಯ ಹೆಚ್ಚುವರಿ ಶುಲ್ಕ ಅದರ ಮೇಲೆ. ನೌಕರರ ಓದಿಗೆ ಮಾಲೀಕರು ವರ್ಷಕ್ಕೆ 5,250 ಡಾಲರ್ ತನಕ ಕೊಟ್ಟರೆ ಅಮೆರಿಕದಲ್ಲಿ ಅದಕ್ಕೆ ತೆರಿಗೆ ಇಲ್ಲ. ನನ್ನ ಶಾಲಾ ಆಡಳಿತ ಕೊಟ್ಟದ್ದು ಅದರ ಮೂರನೇ ಒಂದು ಪಾಲಿಗಿಂತ ಚೂರು ಹೆಚ್ಚು. ಸಾಲ ಮಾಡಲಿಲ್ಲ. 2009ರ ಕೊರೊಲಾ ಕಾರನ್ನೇ ಇನ್ನೂ ಓಡಿಸುತ್ತಿದ್ದೇನೆ, ಎರಡು ಸಲ ಊರಿಗೆ ಬರುವುದನ್ನು ಬಿಟ್ಟೆ. ಕಾರಿನದು ನೋವಿಲ್ಲ.

ನನಗೆ ಐವತ್ತನಾಲ್ಕು. ತಡವಾಯಿತೇ?
— ಗೃಹಿಣಿ, ಉಡುಪಿ

ನಮ್ಮ ಬ್ಯಾಚಿನ ಹಿರಿಯರಿಗೆ 63. ಮೊದಲು ಮುಗಿಸಿದ್ದು ಅವರೇ.

ನಿಮ್ಮ ವಿಷಯ ಏನಿತ್ತು? ಆನ್‌ಲೈನ್ ಓದಿನಲ್ಲಿ ಕ್ಷೇತ್ರಕಾರ್ಯ ಹೇಗೆ ಸಾಧ್ಯ?
— ಸಮಾಜಕಾರ್ಯ ವಿದ್ಯಾರ್ಥಿನಿ, ಧಾರವಾಡ

ನಿನ್ನ ಪ್ರಶ್ನೆಗಾಗಿಯೇ ಕಾಯುತ್ತಿದ್ದೆ. ವಿಷಯ ಹುಟ್ಟಿದ್ದು ಒಂದು ಅಲ್ಪವಿರಾಮದಿಂದ.

2013ರಲ್ಲಿ, ನಾನು ಆ ಶಾಲೆಗೆ ಸೇರಿದ ವರ್ಷ, ಸ್ಟಾಫ್ ರೂಮಿನಲ್ಲಿ ಒಂದು ಉತ್ತರಪತ್ರಿಕೆ ಬಿದ್ದಿತ್ತು. ಹುಡುಗ ಉತ್ತರ ಬರೆದಿದ್ದ: 1,00,000. ಆ ಅಲ್ಪವಿರಾಮದ ಸುತ್ತ ಕೆಂಪು ವೃತ್ತ, ಪಕ್ಕದಲ್ಲಿ ಸೊನ್ನೆ. ಅದೇ ಥರ ಐದು ಕಡೆ. ಸಂಖ್ಯೆ ಬರೆಯಲೇ ಬಾರದು ಅಂತ ಅವನನ್ನು ಹಿಂದುಳಿದವರ ಗುಂಪಿಗೆ ಹಾಕಿದ್ದರು. ಅಮೆರಿಕದವರು ಮೂರು ಮೂರು ಅಂಕಿಗೆ ಅಲ್ಪವಿರಾಮ ಹಾಕುವವರು, 100,000 ಅಂತ. ಲಕ್ಷ ಎಂಬ ಮನೆಯೇ ಅವರಲ್ಲಿ ಇಲ್ಲ. ಆ ಹುಡುಗ ನೇಪಾಳಿ ಮಾತಾಡುವವನು, ನಮ್ಮಂತೆಯೇ ಲಕ್ಷ, ಕೋಟಿ ಎಣಿಸುವವನು. ಹುಡುಗ ಬರೆದದ್ದು ಸರಿ ಎಂದು ತಿಳಿಯಲು ತೀರ್ಥಹಳ್ಳಿಯ ಒಂದನೇ ಕ್ಲಾಸಿನ ಮೇಷ್ಟರ ಮಗಳು ಬೇಕಾಯಿತು. ತಿದ್ದಿದ ಟೀಚರ್ ಕೆಟ್ಟವಳಲ್ಲ. ಹೇಳಿದ ಕೂಡಲೇ ಅಂಕ ಹಾಕಿದಳು. ಗುಂಪು ಬದಲಾಯಿಸಲು ಮಾತ್ರ ಒಂದು ವರ್ಷ ಹಿಡಿಯಿತು.

ಇಂಥ ಮಕ್ಕಳ ಗಣಿತವೇ ನನ್ನ ವಿಷಯವಾಯಿತು. ಈ ಮಕ್ಕಳು ಯಾರು ಅಂದರೆ, ದಕ್ಷಿಣ ಭೂತಾನಿನ ನೇಪಾಳಿ ಭಾಷಿಕರು. 1990ರ ದಶಕದ ಆರಂಭದಲ್ಲಿ ಅವರನ್ನು ದೇಶದಿಂದ ಹೊರಹಾಕಿದರು. ಒಂದು ಲಕ್ಷಕ್ಕೂ ಹೆಚ್ಚು ಜನ ಪೂರ್ವ ನೇಪಾಳದ ಝಾಪಾ, ಮೊರಂಗ್ ಜಿಲ್ಲೆಗಳ ಶಿಬಿರಗಳಲ್ಲಿ ಹದಿನೈದು, ಇಪ್ಪತ್ತು ವರ್ಷ ಕಳೆದರು. 2008ರಿಂದ ಅಮೆರಿಕ ಅವರನ್ನು ಕರೆಸಿಕೊಳ್ಳತೊಡಗಿತು. ಆ್ಯಕ್ರನ್ನಿನ ನಾರ್ತ್ ಹಿಲ್ ಎಂಬ ಬಡಾವಣೆಯಲ್ಲಿ ಈಗ ಅವರ ದಿನಸಿ ಅಂಗಡಿ, ಮೊಮೊ ಹೋಟೆಲು ಎಲ್ಲ ಇವೆ. ನನಗೆ ಒಳ್ಳೆಯ ಅವಲಕ್ಕಿ ಸಿಗುವುದೂ ಅಲ್ಲೇ.

ಕ್ಷೇತ್ರ ನನ್ನ ಮನೆಯಿಂದ ಇಪ್ಪತ್ತು ನಿಮಿಷ. ಆನ್‌ಲೈನ್ ಓದಿನ ಲಾಭ ನೋಡು: ಕ್ಯಾಂಪಸ್ಸಿಗೆ ಹೋಗಿ ಕೂತಿದ್ದರೆ ಈ ಜನರಿಂದ ಐನೂರು ಮೈಲಿ ದೂರ ಇರುತ್ತಿದ್ದೆ. ಹದಿನಾರು ಕುಟುಂಬಗಳ ಜತೆ ಮಾತಾಡಿದೆ. ಮೊದಮೊದಲು ಕೋವಿಡ್ ಕಾರಣ ಫೋನಿನಲ್ಲಿ, ಆಮೇಲೆ ಜಗಲಿಯ ಮೇಲೆ ಮಾಸ್ಕ್ ಹಾಕಿಕೊಂಡು.

ಆದರೆ ಯಾರನ್ನೂ ಮಾತಾಡಿಸುವ ಮುಂಚೆ ಐ.ಆರ್.ಬಿ. ಎಂಬ ನೈತಿಕ ಸಮಿತಿಯ ಒಪ್ಪಿಗೆ ಬೇಕು. ನನಗೆ ಹನ್ನೊಂದು ವಾರ ಹಿಡಿಯಿತು. ಶಪಿಸಿದೆ. ಆಮೇಲೆ ಆ ಸಮಿತಿ ಯಾಕೆ ಹುಟ್ಟಿತು ಅಂತ ಓದಿದೆ. ಅಲಬಾಮಾದ ಟಸ್ಕೀಗಿಯಲ್ಲಿ 1932ರಿಂದ 1972ರ ತನಕ, ನಲವತ್ತು ವರ್ಷ, ಸಿಫಿಲಿಸ್ ಇದ್ದ ನೂರಾರು ಬಡ ಕಪ್ಪುಜನರಿಗೆ ಪೆನಿಸಿಲಿನ್ ಬಂದ ಮೇಲೂ ಕೊಡದೆ, ರೋಗ ಹೇಗೆ ಬೆಳೆಯುತ್ತದೆ ನೋಡೋಣ ಅಂತ ಸರಕಾರದ ಆರೋಗ್ಯ ಇಲಾಖೆಯವರೇ ನೋಡುತ್ತಾ ಕೂತಿದ್ದರು. ಇಂಥ ಸಮಿತಿಗಳನ್ನು ಕಡ್ಡಾಯ ಮಾಡಿದ 1974ರ ಕಾಯ್ದೆ ಅದರ ನಂತರ ಬಂದದ್ದು. ಶಪಿಸುವುದನ್ನು ನಿಲ್ಲಿಸಿದೆ.

ಸಮಿತಿಯ ನಿಯಮ: ಪ್ರತಿಯೊಬ್ಬರೂ ಒಪ್ಪಿಗೆ ಪತ್ರ ಓದಿ ಸಹಿ ಹಾಕಬೇಕು. ನೇಪಾಳಿಗೆ ಅನುವಾದ ಮಾಡಿಸಿದೆ, ದೊಡ್ಡ ಅಕ್ಷರದಲ್ಲಿ ಮುದ್ರಿಸಿದೆ. ಐದನೆಯದೋ ಆರನೆಯದೋ ಮನೆಯಲ್ಲಿ ಒಬ್ಬ ಅಜ್ಜಿ. ಚಹಾ ಕೊಟ್ಟರು, ನನ್ನ ಹರಕು ಹಿಂದಿಯಲ್ಲೇ ಮೊಮ್ಮಗನ ಬಗ್ಗೆ ಎರಡು ಗಂಟೆ ಮಾತಾಡಲು ತಯಾರಿದ್ದರು. ಕಾಗದ ತೆಗೆದ ಕೂಡಲೇ ಕೈ ಸೆರಗಿನೊಳಗೆ ಹೋಯಿತು. ಸಹಿ ಇಲ್ಲ, ಹೆಬ್ಬೆಟ್ಟೂ ಇಲ್ಲ. ಸೊಸೆ ನನ್ನನ್ನು ಹೊರಗೆ ಕರೆದು ಹೇಳಿದಳು: ಭೂತಾನ್ ಬಿಡುವಾಗ ಅಧಿಕಾರಿಗಳು ಒಂದು ಕಾಗದಕ್ಕೆ ಬಲವಂತವಾಗಿ ಸಹಿ ಹಾಕಿಸಿಕೊಂಡಿದ್ದರು. ನಾವು ನಮ್ಮ ಇಷ್ಟದಿಂದಲೇ ದೇಶ ಬಿಡುತ್ತಿದ್ದೇವೆ ಎಂಬ ಕಾಗದ.

ಕಾರಿನಲ್ಲಿ ಕೂತು ಗೈಡಿಗೆ ಫೋನ್ ಮಾಡಿದೆ. ನಾನು ಕೇಳಿದ್ದು, ಈ ಅಜ್ಜಿಯನ್ನು ಬಿಟ್ಟುಬಿಡಲಾ ಅಂತ. ಅವರು ಒಂದು ನಿಮಿಷ ಸುಮ್ಮನಿದ್ದು, "ಅಜ್ಜಿಯನ್ನು ಯಾಕೆ ಬಿಡುತ್ತೀ, ಕಾಗದವನ್ನು ಬಿಡು" ಅಂದರು. ನಿಯಮದಲ್ಲೇ ದಾರಿ ಇದೆ: ಸಹಿ ಹಾಕುವ ರೂಢಿಯಿಲ್ಲದ ಸಮುದಾಯಗಳಿದ್ದರೆ, ಜನರಿಗೆ ಹೆಚ್ಚಿನ ಅಪಾಯವಿಲ್ಲದಿದ್ದರೆ, ಬಾಯಿಮಾತಿನ ಒಪ್ಪಿಗೆ ಸಾಕು ಅಂತ ಸಮಿತಿ ಅನುಮತಿ ಕೊಡಬಹುದು. ತಿದ್ದುಪಡಿಗೆ ಅರ್ಜಿ ಹಾಕಿದೆವು. ಮತ್ತೆ ಮೂರು ವಾರ. ಅಜ್ಜಿಯ ಮನೆಗೆ ವಾಪಸು ಹೋದಾಗ ಕಾಗದ ಒಯ್ಯಲಿಲ್ಲ. ಅವರು ಹೇಳಿದ್ದು ನನ್ನ ನಾಲ್ಕನೇ ಅಧ್ಯಾಯದಲ್ಲಿ ಆರು ಪುಟ ಇದೆ.

ಇಷ್ಟಾಗುವಾಗ ಆ ಗೈಡ್ ಹೆಂಗಸನ್ನು ನಾನು ಒಂದು ಸಲವೂ ಎದುರಿಗೆ ಕಂಡಿರಲಿಲ್ಲ.

ನಿನಗೆ ಉಪಯೋಗಕ್ಕೆ ಬರುವ ಎರಡು ಮಾತು. ಝೊಟೆರೊ ಎಂಬ ಪುಕ್ಕಟೆ ತಂತ್ರಾಂಶ ಇದೆ, ಓದಿದ್ದೆಲ್ಲವನ್ನೂ ಮೊದಲ ದಿನದಿಂದ ಅದರಲ್ಲಿ ಹಾಕುತ್ತಾ ಹೋಗು. ಕೊನೆಗೆ ಆಕರಗಳ ಪಟ್ಟಿ ತಾನಾಗಿ ಬರುತ್ತದೆ. ನಾನು ಎರಡನೇ ವರ್ಷ ಶುರು ಮಾಡಿ ಮೊದಲ ವರ್ಷದ್ದನ್ನು ಹುಡುಕುತ್ತಾ ಅತ್ತೆ. ಇನ್ನೊಂದು ಶೋಧಗಂಗಾ ಎಂಬ ಜಾಲತಾಣ. ನಮ್ಮ ವಿಶ್ವವಿದ್ಯಾಲಯಗಳ ಥೀಸಿಸ್‌ಗಳು ಅಲ್ಲಿ ಬಿಟ್ಟಿಯಾಗಿ ಓದಲು ಸಿಗುತ್ತವೆ. ನನ್ನ ಅಮೆರಿಕದ ಸಹಪಾಠಿಗಳಿಗೆ ತೋರಿಸಿದೆ, ನಂಬಲಿಲ್ಲ.

ವೈವಾ ಕೂಡ ಆನ್‌ಲೈನೇ? ಮನೆಯವರು ನೋಡಬಹುದಾ?
— ನಿವೃತ್ತ ಮುಖ್ಯೋಪಾಧ್ಯಾಯಿನಿ, ಮೈಸೂರು

ನೋಡಬಹುದು, ಪ್ರಬಂಧದ ಮೇಲಿನ ಆ ಮೌಖಿಕ ಪರೀಕ್ಷೆ ಬಹಿರಂಗ. 2023ರ ಏಪ್ರಿಲ್, ನಮ್ಮಲ್ಲಿ ಬೆಳಿಗ್ಗೆ ಹತ್ತೂವರೆ, ತೀರ್ಥಹಳ್ಳಿಯಲ್ಲಿ ರಾತ್ರಿ ಎಂಟು. ಕ್ಲೀವ್‌ಲ್ಯಾಂಡಿನ ತ್ಯಾಗರಾಜ ಉತ್ಸವದ ವಾರವೇ. ವರ್ಷವೂ ಹೋಗುವವಳು ಆ ಸಲ ಒಂದು ಕಛೇರಿಯನ್ನೂ ಕೇಳಲಿಲ್ಲ. ಇಸ್ತ್ರಿ ಹಲಗೆಗೆ ಅಮ್ಮನ ಇಳಕಲ್ ಸೀರೆ ಹಾಸಿದ್ದೆ. ಅದು ಕ್ಯಾಮೆರಾಗೆ ಕಾಣುವುದಿಲ್ಲ ಅಂತ ಮಗ ಹೇಳಿದ. ಕಾಣುವುದು ಬೇಡ ಅಂದೆ.

ಅಮ್ಮ ಅಲ್ಲಿ ತಮ್ಮನ ಮಗನ ಫೋನಿನಲ್ಲಿ ಕೂತಿದ್ದರು. ಮಲೆನಾಡಿನ ಏಪ್ರಿಲ್, ಗುಡುಗು, ಕರೆಂಟು ಎರಡು ಸಲ ಹೋಗಿ ಬಂತಂತೆ. ನಲವತ್ತು ನಿಮಿಷ ನಾನು ಹೇಳಿದೆ, ಅಷ್ಟೇ ಹೊತ್ತು ಪರೀಕ್ಷಕರ ಸಮಿತಿಯವರು ಪ್ರಶ್ನೆ ಕೇಳಿದರು. ಕೊನೆಗೆ ಸಮಿತಿಯವರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳಲು ಉಳಿದವರನ್ನೆಲ್ಲ 'ವೇಟಿಂಗ್ ರೂಮ್' ಎಂಬಲ್ಲಿಗೆ ಕಳಿಸಿದರು. ಪರದೆ ತುಂಬ ಬಿಳಿ, ನಡುವೆ ಒಂದು ಸಾಲು: ದಯವಿಟ್ಟು ಕಾಯಿರಿ.

ಎರಡು ನಿಮಿಷಕ್ಕೆ ಫೋನ್ ಹೊಡೆಯಿತು. ಅಮ್ಮ.

"ನಿನ್ನನ್ನ ಹೊರಗೆ ಹಾಕಿದ್ದು ಸರಿ, ಪರೀಕ್ಷೆ ನಿಂದು. ನನ್ನನ್ನ ಯಾಕೆ ಹೊರಗೆ ಹಾಕಿದ್ರು? ನಾನು ಕೆಮ್ಮಿದ್ದು ಕೇಳ್ತಾ?"

ಇಲ್ಲ ಅಮ್ಮ, ಎಲ್ಲರನ್ನೂ ಹಾಕಿದ್ದಾರೆ ಅಂದೆ. ಹದಿನೇಳು ನಿಮಿಷ ಇಬ್ಬರೂ ಫೋನ್ ಇಡದೆ ಆ ಬಿಳಿ ಪರದೆ ನೋಡುತ್ತಾ ಕೂತೆವು. ಅಮ್ಮ ನಡುವೆ ಒಮ್ಮೆ, ಮಳೆ ಬಂತು, ಹಂಡೆ ಇಡಬೇಕು ಅಂದರು. ಎದ್ದು ಹೋಗಲಿಲ್ಲ.